ಬಸ್ಸು ಬರುವ ಕಡೆ ನೋಡುವವಳು

ರಾಮದುರ್ಗ
13 ಜನವರಿ 1997

ನಾಸಿರ ಆರ್ಟ್ಸ್‌ನ ಮಾಲೀಕರಿಗೆ ಶರಣು.

ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ವಿಳಾಸವನ್ನು ಉಗರಗೋಳದ ಗೋಡೆಯಿಂದ ಬರೆದುಕೊಂಡೆ. ಚಿತ್ರದ ಕೆಳಗೆ ಊರು, ಓಣಿ, ಮನೆ ನಂಬರು ಸಮೇತ ಅಷ್ಟು ದೊಡ್ಡದಾಗಿ ಬರೆದಿದ್ದೀರಿ. ಯಾರಾದರೂ ಪತ್ರ ಬರೆಯಲಿ ಎಂಬ ಆಸೆ ಇರಬೇಕು ಅಂತ ನಾನೇ ಧೈರ್ಯ ತಂದುಕೊಂಡೆ.

ನಾನು ಅನ್ನಪೂರ್ಣಾ. ಮೂವತ್ತೈದು ವರ್ಷ ಕನ್ನಡ ಸಾಲಿಯಲ್ಲಿ ಕಲಿಸಿ ಹೋದ ವರ್ಷ ನಿವೃತ್ತಳಾದೆ. ಮದುವೆಯಾಗಲಿಲ್ಲ. ಅವ್ವನ ಜೊತೆ ಇದ್ದೆ, ಅವಳೂ ಶ್ರಾವಣದಲ್ಲಿ ಲಿಂಗೈಕ್ಯಳಾದಳು. ಅಂದಿನಿಂದ ವಾರಕ್ಕೊಮ್ಮೆ ಕೈಚೀಲ ಹಿಡಿದು ಬಸ್ಸು ಹತ್ತಿಬಿಡುತ್ತೇನೆ. ಕಂಡಕ್ಟರು "ಎಲ್ಲಿಗ್ರಿ ಅಕ್ಕೋರ?" ಅಂದಾಗ ಬಾಯಿಗೆ ಬಂದ ಊರು ಹೇಳುತ್ತೇನೆ. ಪಕ್ಕದ ಸೀಟಿನ ಹೆಂಗಸರಿಗೆ ಮಾತ್ರ ಸಮಾಧಾನವಿಲ್ಲ. "ಒಬ್ಬಾಕಿನ ಹೊಂಟೀರಿ? ಜೋಡಿ ಯಾರೂ ಇಲ್ಲೇನ್ರಿ? ಅಯ್ಯ ಶಿವನ!" ಅನ್ನುತ್ತಾರೆ. ಒಬ್ಬಳೇ ಹೋಗುವುದರಲ್ಲಿ ಎಷ್ಟು ಸುಖವಿದೆ ಅಂತ ಅವರಿಗೆ ಹೇಗೆ ಹೇಳಲಿ?

ನೀವು ಬರೆದ ಹೆಂಗಸಿನ ಮುಖ ನಾನು ಮೊದಲು ಕಂಡದ್ದು ಉಗರಗೋಳದಲ್ಲಿ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಗೋಡೆಯ ಮೇಲೆ ತೊಡೆಯ ಮೇಲೆ ಬರೆಯುವ ಪಾಟಿ ಇಟ್ಟುಕೊಂಡು ಕೂತ ಹೆಂಗಸು. ಅಕ್ಷರ ಕಲಿಯಿರಿ ಎನ್ನುವ ಸರಕಾರದ ಚಿತ್ರ. ಆದರೆ ಗುಡ್ಡಕ್ಕೆ ಹೋಗುವ ಜನ ಅವಳ ಹಣೆಗೂ ಚಿಟಿಕೆ ಭಂಡಾರ ಹಚ್ಚಿ ಕೈಮುಗಿದು ಹೋಗುತ್ತಿದ್ದರು. ಹಣೆ, ಕೆನ್ನೆ ಎಲ್ಲ ಅರಿಶಿನ. ಅವಳು ಪಾಟಿ ನೋಡುತ್ತಿಲ್ಲ, ಬಸ್ಸು ಬರುವ ಕಡೆ ನೋಡುತ್ತಿದ್ದಾಳೆ. ನಾನು ಬಸ್ಸಿನಿಂದ ಇಳಿದಾಗ ನನ್ನನ್ನೇ ಕಾಯುತ್ತಿದ್ದಳು ಅನ್ನಿಸಿತು. ಗುಡ್ಡ ಹತ್ತಲೇ ಇಲ್ಲ. ಮಧ್ಯಾಹ್ನದವರೆಗೆ ಎದುರಿನ ಬೇವಿನ ನೆರಳಿನಲ್ಲಿ ಕೂತೆ. ನನ್ನೊಳಗಿನ ಗದ್ದಲವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆಮೇಲೆ ಅದೇ ಮುಖ ಸುರೇಬಾನದ ಸಾಲಿ ಗೋಡೆಯ ಮೇಲೆ ಸಿಕ್ಕಿತು. ಕಿತ್ತೂರಿನ ಹೋಟೆಲಿನ ಗೋಡೆಯ ಮೇಲೆ ಚಹಾ ಕಪ್ಪು ಹಿಡಿದು ನಿಂತಿತ್ತು. ಎಲ್ಲ ಕಡೆಯೂ ನಿಮ್ಮದೇ ಹೆಸರು. ಹೇಳಿ, ಅವಳು ಯಾರು? ಯಾವ ದೇವತೆಯನ್ನು ಮನಸ್ಸಿನಲ್ಲಿಟ್ಟು ಬರೆದಿರಿ?

ಇಂತಿ,
ಅನ್ನಪೂರ್ಣಾ


ಬೈಲಹೊಂಗಲ
21 ಜನವರಿ 1997

ಅನ್ನಪೂರ್ಣಾ ಅಕ್ಕೋರಿಗೆ ನಾಸಿರನ ಸಲಾಂ.

ನಿಮ್ಮ ಪತ್ರ ಬಂದ ದಿನ ಅದನ್ನು ಒಡೆಯದೆ ಅರ್ಧ ತಾಸು ಕೈಯಲ್ಲಿ ಹಿಡಿದು ಕೂತಿದ್ದೆ. ಹೆಂಗಸಿನ ಕೈಬರಹ, ಗೋಡೆ ನೋಡಿ ಬರೆದ ವಿಳಾಸ. ನನ್ನ ಅಕ್ಕನ ಪತ್ರ ಎಂದುಕೊಂಡೆ. ಒಳಗೇನು ಹಾವಿದೆಯೇ, ಒಡೆಯಬಾರದೇ ಎಂದು ನನ್ನ ಹೆಂಡತಿ ಗುಲಫಶಾ ಬೈದಳು. ಒಡೆದೆ, ನಿಮ್ಮದಾಗಿತ್ತು. ಬೇಸರ ಮಾಡಿಕೊಳ್ಳಬೇಡಿ. ಆ ವಿಷಯ ಬಿಡಿ.

ನೀವು ಕೇಳಿದ್ದಕ್ಕೆ ಉತ್ತರ ಸಣ್ಣದು. ಅವಳು ಯಾವ ದೇವತೆಯೂ ಅಲ್ಲ. ಕಲಿಯುವಾಗ ಒಂದು ಹಳೇ ಕ್ಯಾಲೆಂಡರಿನ ಹೆಂಗಸನ್ನು ನೋಡಿ ನೋಡಿ ಬರೆದೆ. ಕೈಗೆ ಅದೊಂದೇ ಮುಖ ಹತ್ತಿತು. ಹತ್ತಿಬೀಜದ ಜಾಹೀರಾತಾಗಲಿ, ಚಹಾಪುಡಿಯದಾಗಲಿ, ಹೆಂಗಸು ಬೇಕೆಂದರೆ ನಾನು ಅವಳನ್ನೇ ಬರೆಯುತ್ತೇನೆ. ದೇವರು ಗೀವರು ಅನ್ನಬೇಡಿ ಅಕ್ಕೋರ. ನಮ್ಮವರು ಕೇಳಿದರೆ ನನಗೆ ಬೈಯುತ್ತಾರೆ, ನಿಮ್ಮವರು ಕೇಳಿದರೆ ನಿಮಗೆ ನಗುತ್ತಾರೆ.

ಬೋರ್ಡು ಬರೆದು ಬರೆದು ನನ್ನ ಪತ್ರದ ಕನ್ನಡವೂ ಬೋರ್ಡಿನ ಹಾಗೇ ಆಗಿದೆ. ತಪ್ಪಿದ್ದರೆ ಕೆಂಪು ಮಸಿ ಹಾಕಬೇಡಿ.

ನಾಸಿರ


ರಾಮದುರ್ಗ
3 ಫೆಬ್ರುವರಿ 1997

ನಾಸಿರ ಅವರಿಗೆ ಶರಣು.

ಕೆಂಪು ಮಸಿ ಹಾಕುವ ತಪ್ಪು ಒಂದೇ ಇದೆ, ಅದು ಸುಳ್ಳು. ಕ್ಯಾಲೆಂಡರಿನ ಹೆಂಗಸಿಗೆ ಎಡಹುಬ್ಬಿನ ಮೇಲೆ ಗಾಯದ ಗುರುತು ಇರುವುದಿಲ್ಲ. ನಿಮ್ಮವಳಿಗೆ ಮೂರೂ ಊರಿನಲ್ಲಿದೆ. ಸುಳ್ಳು ಹೇಳುವ ಹುಡುಗರನ್ನು ಹಿಡಿಯುವುದರಲ್ಲೇ ನನ್ನ ಆಯುಷ್ಯ ಕಳೆದಿದೆಯಪ್ಪ.

ನೀವು ಹೇಳಲಿ ಅಂತ ನಾನೇ ಮೊದಲು ಒಂದು ನಿಜ ಹೇಳುತ್ತೇನೆ. ಅವ್ವ ಹೋದ ಮೇಲೆ ನನಗೆ ಪೂಜೆಗೆ ಕೂಡಲು ಆಗುತ್ತಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಬರೀ ಕಲ್ಲು ಅನ್ನಿಸುತ್ತದೆ. ಕಣ್ಣು ಲಿಂಗದ ಮೇಲಿರುತ್ತದೆ, ಮನಸ್ಸು ಬಸ್ ಸ್ಟ್ಯಾಂಡಿನಲ್ಲಿ. ಐವತ್ತು ವರ್ಷ ಹಿಡಿದ ನೇಮ ಹೀಗಾಯಿತಲ್ಲ ಅಂತ ಹೆದರಿಕೆ. ನಿಮ್ಮ ಗೋಡೆಯ ಮುಂದೆ ಕೂತಾಗ ಮಾತ್ರ ಯಾರೋ ನನ್ನ ದಾರಿ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಕಾಯುವವರಿದ್ದರೆ ಅದೇ ದೇವರಲ್ಲವೇ?

ಈಗ ಹೇಳಿ. ಪತ್ರ ಬರೆಯಬೇಕಾಗಿದ್ದ ನಿಮ್ಮ ಅಕ್ಕ ಯಾರು? ಎಲ್ಲಿದ್ದಾರೆ?

ಅನ್ನಪೂರ್ಣಾ


ಬೈಲಹೊಂಗಲ
15 ಫೆಬ್ರುವರಿ 1997

ಅಕ್ಕೋರಿಗೆ ಸಲಾಂ.

ಸೋತೆ. ಆ ಮುಖ ನನ್ನ ಅಕ್ಕ ಫರೀನಳದು. ಎಲ್ಲಿದ್ದಾಳೆ ಗೊತ್ತಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಅವಳು ಒಬ್ಬ ಲಾರಿ ಡ್ರೈವರನ ಜೊತೆ ಹೋದಳು. ಅವನು ನಿಮ್ಮ ಪೈಕಿ, ಹುಬ್ಬಳ್ಳಿಯಲ್ಲಿ ಗಾಡಿ ಹೊಡೆಯುತ್ತಿದ್ದ ಎಂಬುದಷ್ಟೇ ಗೊತ್ತು. ನನಗಾಗ ಇಪ್ಪತ್ತು, ಅವಳಿಗೆ ಇಪ್ಪತ್ಮೂರು. ಅಬ್ಬಾ ಅವಳ ಹೆಸರು ಮನೆಯಲ್ಲಿ ಎತ್ತಬಾರದು ಎಂದರು. ಹುಡುಕಬಾರದು, ಯಾರನ್ನೂ ಕೇಳಬಾರದು. ಅಬ್ಬಾನ ಎದುರು ನಿಲ್ಲುವ ಎದೆ ನನಗಿರಲಿಲ್ಲ. ಆದರೆ ಬ್ರಶ್ ಇತ್ತು. ಹೆಂಗಸಿನ ಚಿತ್ರ ಬೇಕೆಂದವರ ಗೋಡೆಯಲ್ಲೆಲ್ಲ ಅವಳನ್ನೇ ಬರೆದೆ. ಎಂದಾದರೂ ಈ ಸೀಮೆಯಲ್ಲಿ ಬಸ್ಸಿನಿಂದ ಇಳಿದರೆ ನೋಡಲಿ, ತಮ್ಮ ಮರೆತಿಲ್ಲ ಎಂದು ತಿಳಿಯಲಿ. ಕೆಳಗೆ ಮನೆ ನಂಬರು ಬರೆಯುವುದೂ ಅದಕ್ಕೇ. ಕಾಗದ ಬರೆಯಲಿ ಎಂದು. ಕಣ್ಣು ಬಸ್ಸಿನ ಕಡೆ ತಿರುಗುವುದು ನಾನು ಬೇಕೆಂದು ಮಾಡಿದ್ದಲ್ಲ, ನನ್ನ ಲಕ್ಷ್ಯವೇ ಆ ಕಡೆ ಇರುತ್ತಿತ್ತು.

ಅಬ್ಬಾ ತೀರಿಕೊಂಡು ಎರಡು ವರ್ಷವಾಯಿತು. ಈಗ ಯಾರ ಅಡ್ಡಿಯೂ ಇಲ್ಲ, ಅವಳೇ ಇಲ್ಲ. ನೀವು ಊರೂರು ತಿರುಗುತ್ತೀರಿ. ಹುಬ್ಬಿನ ಗಾಯ ನೋಡಿದ್ದೀರಿ. ಎಲ್ಲಾದರೂ ಕಂಡರೆ ಒಂದು ಸಾಲು ಬರೆಯಿರಿ ಅಕ್ಕೋರ. ನಿಮ್ಮ ಕಾಲಿಗೆ ಬೀಳುತ್ತೇನೆ.

ನಾಸಿರ


ಕಿತ್ತೂರು
9 ಮಾರ್ಚ್ 1997

ತಮ್ಮಾ ನಾಸಿರ,

ಈ ಕಾರ್ಡನ್ನು ನಿನ್ನ ಅಕ್ಕನ ಎದುರಿಗೇ ಕೂತು ಬರೆಯುತ್ತಿದ್ದೇನೆ. ಹೆದರಬೇಡ, ಗೋಡೆಯ ಮೇಲಿನವಳು. ಹೆದ್ದಾರಿಯ ಲಾರಿಗಳು ಹೋದಾಗಲೆಲ್ಲ ದೂಳೆದ್ದು ಅವಳು ಮರೆಯಾಗುತ್ತಾಳೆ. ದೂಳು ಇಳಿದ ಮೇಲೆ ಮೆಲ್ಲಗೆ ಮತ್ತೆ ಬರುತ್ತಾಳೆ, ಮೊದಲು ಕಣ್ಣು, ಆಮೇಲೆ ಕೈಯಲ್ಲಿನ ಚಹಾ ಕಪ್ಪು. ಇದನ್ನು ನೋಡುತ್ತ ಎರಡು ಬಸ್ಸು ಬಿಟ್ಟೆ. ನಿನ್ನ ಪತ್ರ ಬಂದ ಮೇಲೆ ನಾನು ಹೆಂಗಸರ ಹುಬ್ಬು ನೋಡುತ್ತ ತಿರುಗುವ ಹುಚ್ಚಿಯಾಗಿದ್ದೇನೆ. ಎಲ್ಲರ ಮುಖವನ್ನೂ ಇಷ್ಟು ಅಕ್ಕರೆಯಿಂದ ನೋಡಿದ್ದು ನನಗೆ ನೆನಪಿಲ್ಲ. ನಾಳೆ ಸವದತ್ತಿ, ಅಲ್ಲಿಂದ ಉಗರಗೋಳ.

ಅನ್ನಪೂರ್ಣಾ


ಬೈಲಹೊಂಗಲ
18 ಜೂನ್ 1997

ಅಕ್ಕೋರಿಗೆ ಸಲಾಂ.

ಮೂರು ತಿಂಗಳಾಯಿತು, ನಿಮ್ಮದೊಂದು ಸಾಲೂ ಇಲ್ಲ. ನಾನು ಬರೆದ ಎರಡು ಕಾರ್ಡು ಮುಟ್ಟಿದವೋ ಇಲ್ಲವೋ. ಮೈಯಲ್ಲಿ ಹುಷಾರಿಲ್ಲವೇ? ಅಥವಾ ದೇವತೆ ಎಂದುಕೊಂಡವಳು ಮನೆ ಬಿಟ್ಟು ಹೋದ ಸಾಬರ ಹುಡುಗಿ ಎಂದು ತಿಳಿದು ಮನಸ್ಸು ಮುರಿಯಿತೇ? ಹಾಗಿದ್ದರೆ ಅದನ್ನೇ ಬರೆಯಿರಿ, ತಡೆದುಕೊಳ್ಳುತ್ತೇನೆ. ಹೇಳಬಾರದಿತ್ತು ಎಂದು ಗುಲಫಶಾ ಅನ್ನುತ್ತಾಳೆ.

ಇನ್ನೊಂದು ಸುದ್ದಿ. ಉಗರಗೋಳದ ಗೋಡೆಯನ್ನು ಕೆರೆದು ಪೋಲಿಯೊ ಹನಿಯ ಚಿತ್ರ ಬರೆಯಬೇಕಂತೆ. ದೀಪಾವಳಿ ಆದ ಮೇಲೆ. ಕೆಲಸ ನನಗೇ ಕೊಟ್ಟಿದ್ದಾರೆ.

ನಾಸಿರ


ರಾಮದುರ್ಗ
29 ಜೂನ್ 1997

ತಮ್ಮಾ,

ಮೈ ಗಟ್ಟಿಯಾಗಿದೆ. ಮನಸ್ಸು ಮುರಿದಿಲ್ಲ, ಮೂರ್ಖನ ಹಾಗೆ ಬರೆಯಬೇಡ. ನನಗೊಂದು ವಿಷಯ ತಿಳಿದಿದೆ, ಅದನ್ನು ನಿನಗೆ ಬರೆಯುವಂತಿಲ್ಲ. ಮಾತು ಕೊಟ್ಟಿದ್ದೇನೆ. ಸ್ವಲ್ಪ ದಿನ ತಾಳು.

ಅನ್ನಪೂರ್ಣಾ


ಬೈಲಹೊಂಗಲ
4 ಜುಲೈ 1997

ಅಕ್ಕೋರ, ತಾಳು ಎಂದು ಯಾರು ಯಾವಾಗ ಅನ್ನುತ್ತಾರೆ ನನಗೆ ಗೊತ್ತು. ಎಲ್ಲಿ ಮಣ್ಣು ಮಾಡಿದ್ದಾರೆ ಅಷ್ಟು ಹೇಳಿಬಿಡಿ. ಹೋಗಿ ಫಾತಿಹಾ ಓದಿ ಬರುತ್ತೇನೆ. ಇಲ್ಲದಿದ್ದರೆ ನಾನೇ ರಾಮದುರ್ಗಕ್ಕೆ ಬಂದು ನಿಮ್ಮ ಬಾಗಿಲಲ್ಲಿ ಕೂಡುತ್ತೇನೆ.

ನಾಸಿರ


ರಾಮದುರ್ಗ
8 ಜುಲೈ 1997

ಇದ್ದಾಳಪ್ಪ, ಇದ್ದಾಳೆ. ಬಿಡ್ತು ಅನ್ನು. ನಿನ್ನ ಕಾರ್ಡು ಓದಿದ ಕೂಡಲೇ ಬರೆಯುತ್ತಿದ್ದೇನೆ. ಚೆನ್ನಾಗಿದ್ದಾಳೆ. ಗಂಡ ಸೋಮಪ್ಪ ಒಳ್ಳೆಯವನು. ನೀನು ರಾಮದುರ್ಗಕ್ಕೆ ಬಂದರೆ ಚಹಾ ಕೊಡುತ್ತೇನೆ, ಊರು ಹೇಳುವುದಿಲ್ಲ.

ಮಾರ್ಚಿನಲ್ಲಿ ಸಿಕ್ಕಳು. ಹುಬ್ಬು ನೋಡಿ ನಾನೇ ಮಾತಾಡಿಸಿದೆ. ನಾಸಿರ ಎಂಬ ಹೆಸರು ನನ್ನ ಬಾಯಿಂದ ಬಂದದ್ದೇ ತಡ, ಅವಳ ಮುಖ ಕಪ್ಪಿಟ್ಟಿತು. ಅವಳು ಅಂದದ್ದನ್ನು ಇದ್ದಂತೆ ಬರೆಯುತ್ತೇನೆ, ಕೂತು ಓದು.

"ಆ ಹೆಸರ ಎತ್ತಬ್ಯಾಡ್ರಿ ಅಕ್ಕೋರ. ಓಡಿ ಹ್ವಾದಾಕಿ ಮಾರಿ ಊರ ಮಂದಿಯೆಲ್ಲಾ ನೋಡ್ಲಿ, ಅದರ ಮ್ಯಾಲ ಎಲಿ ಅಡಿಕಿ ಉಗುಳ್ಲಿ ಅಂತ ನಮ್ಮಪ್ಪ ಅವನ ಕೈಲೆ ಬರಸ್ಯಾನ. ಸಾಲದ್ದಕ್ಕ ಯಾರ ಮನಿ ಮಗಳು ಅನ್ನೂದು ಗೊತ್ತಾಗ್ಲಿ ಅಂತ ಮನಿ ನಂಬರೂ ಹಾಕ್ಯಾರ. ಬೈಲಹೊಂಗಲ ಸ್ಟ್ಯಾಂಡಿನ್ಯಾಗ ನನ್ನ ಮಾರಿ ಮ್ಯಾಲ ಒಬ್ಬಾಂವ ಉಗುಳೂದು ನನ್ನ ಕಣ್ಣಾರೆ ನೋಡೇನ್ರಿ. ಸೆರಗ ಹೊಚಗೊಂಡು ಬಸ್ ಹತ್ತಿದಾಕಿ ತಿರುಗಿ ಆ ಊರಿಗೆ ಹೋಗಿಲ್ಲ."

ಹಾಗಲ್ಲ, ನಿನ್ನ ತಮ್ಮ ಕಾಯುತ್ತಿದ್ದಾನೆ ಎಂದೆ. ನಂಬಲಿಲ್ಲ. "ನೀವು ಸಾಲಿ ಕಲಸಿದವರು, ನಿಮಗ ಎಲ್ಲಾ ಚಲೋನ ಕಾಣತೈತಿ" ಎಂದಳು. ನಮ್ಮವರೊಳಗಾಗಲಿ ನಿಮ್ಮವರೊಳಗಾಗಲಿ ಮರ್ಯಾದಸ್ಥ ಮನೆಯ ಹೆಂಗಸಿನ ಮುಖ ಬೀದಿ ಗೋಡೆಗೆ ಬರುವುದೇ ಅಪಮಾನ. ಅದು ನಿನಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಮರೆತಿದ್ದೆವು.

ಊರು ಹೇಳಬಾರದು ಎಂದು ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಳು. ಬರೀ ಕಲ್ಲು ಅನ್ನಿಸುತ್ತದೆ ಎಂದು ನಾನೇ ನಿನಗೆ ಬರೆದಿದ್ದೆನಲ್ಲ. ಮೂರು ತಿಂಗಳಿಂದ ನಿನಗೆ ಒಂದು ಊರಿನ ಹೆಸರು ಬರೆಯಲು ಕೂಡುತ್ತೇನೆ, ಕೈ ಏಳುವುದಿಲ್ಲ. ಕಲ್ಲಾಗಿದ್ದರೆ ಈ ಹೊತ್ತಿಗೆ ಬರೆದುಬಿಡುತ್ತಿದ್ದೆ ತಮ್ಮಾ.

ಅನ್ನಪೂರ್ಣಾ


ಬೈಲಹೊಂಗಲ
2 ಸೆಪ್ಟೆಂಬರ್ 1997

ಅಕ್ಕೋರಿಗೆ ಸಲಾಂ.

ತಡವಾಗಿ ಬರೆಯುತ್ತಿದ್ದೇನೆ. ಒಂದು ತಿಂಗಳು ಬ್ರಶ್ ಮುಟ್ಟಲಿಲ್ಲ. ಜಗಳವಾಡಿದ್ದರೆ, ಬೈದಿದ್ದರೆ ತಡೆಯುತ್ತಿದ್ದೆ. ಹದಿನಾಲ್ಕು ವರ್ಷ ನಾನು ಅವಳನ್ನು ಕರೆದೆ ಎಂದುಕೊಂಡಿದ್ದೆ. ನಾನು ಓಡಿಸುತ್ತಿದ್ದೆ. ನನ್ನ ಕೈ ಮುರಿದು ಹೋಗಬಾರದಿತ್ತೇ?

ಸ್ಟ್ಯಾಂಡಿನ ಗೋಡೆಗೆ ನಾನೇ ಹೋಗಿ ಸುಣ್ಣ ಹೊಡೆದೆ. ಆ ಎಲೆ ಅಡಿಕೆ ಉಗುಳಿನ ಕಲೆ ದಿನಾ ನೋಡುತ್ತಿದ್ದೆ, ಒಂದು ದಿನವೂ ಒರೆಸಬೇಕು ಅನ್ನಿಸಿರಲಿಲ್ಲ. ಗೋಡೆ ಎಂದ ಮೇಲೆ ಉಗುಳುತ್ತಾರೆ ಎಂದು ಸುಮ್ಮನಿದ್ದೆ. ಕಿತ್ತೂರಿನ ಹೋಟೆಲಿನವರು ಯಾಕಪ್ಪಾ ಅಂದರು, ಹೊಸದು ಬರೆಯುತ್ತೇನೆ ಎಂದೆ. ಸುರೇಬಾನದ್ದೂ ಆಯಿತು. ಎಲ್ಲವನ್ನೂ ಅಳಿಸುತ್ತೇನೆ. ಸಿಕ್ಕರೆ ಅವಳಿಗೆ ಹೇಳಿ, ಇನ್ನು ಅವಳ ಮುಖದ ಮೇಲೆ ಯಾರೂ ಉಗುಳುವುದಿಲ್ಲ.

ನಾಸಿರ


ರಾಮದುರ್ಗ
14 ಸೆಪ್ಟೆಂಬರ್ 1997

ತಮ್ಮಾ ನಾಸಿರ,

ಮೊನ್ನೆ ಬೈಲಹೊಂಗಲಕ್ಕೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ, ಬಂದರೆ ಬಾಯಿ ಬಿಡುತ್ತೇನೆ ಎಂಬ ಭಯ. ಸ್ಟ್ಯಾಂಡಿನಲ್ಲಿ ಇಳಿದು ರೂಢಿಯಂತೆ ಅವಳ ಮುಖ ಹುಡುಕಿದೆ. ಬಿಳಿ ಗೋಡೆ. ಸಿಟ್ಟು ಬಂತು ನಿನ್ನ ಮೇಲೆ, ಅಳುವೂ ಬಂತು. ಆದರೂ ಕಲ್ಲುಬೆಂಚಿನ ಮೇಲೆ ಕೂತೆ. ಬಸ್ಸುಗಳ ನೆರಳು ಆ ಬಿಳಿಯ ಮೇಲೆ ಬಂದು ಬಂದು ಹೋಗುತ್ತಿತ್ತು. ಹತ್ತಿ ಹಿಂಡಿಯ ಚೀಲ ಹೊತ್ತ ಹೆಂಗಸರ ನೆರಳು, ಒಂದು ಆಡಿನ ನೆರಳು, ಎದ್ದು ನಿಂತರೆ ನನ್ನದೂ. ಅವ್ವ ವಚನ ಹೇಳುತ್ತ ಬಯಲು ಬಯಲು ಅನ್ನುತ್ತಿದ್ದಳು. ಅದು ಇದೇ ಇರಬೇಕು ಅನ್ನಿಸಿತು. ಏನೂ ಇಲ್ಲದ ಕಡೆ ನೋಡುತ್ತ ಎಷ್ಟು ಹೊತ್ತು ಕೂತೆನೋ. ಮರುದಿನ ಮುಂಜಾನೆ ಲಿಂಗ ಕೈಯಲ್ಲಿ ಹಿಡಿದೆ, ಮನಸ್ಸು ಎಲ್ಲಿಗೂ ಹೋಗಲಿಲ್ಲ. ಇದನ್ನು ನಿನಗಲ್ಲದೆ ಇನ್ನಾರಿಗೂ ಹೇಳಿಲ್ಲ.

ಒಂದು ಮಾತು ನಡೆಸಿಕೊಡು. ಉಗರಗೋಳದ ಗೋಡೆಗೆ ಈಗಲೇ ಸುಣ್ಣ ಹೊಡೆಯಬೇಡ. ಹೇಗೂ ಕೆಲಸಕ್ಕೆ ಹೋಗುತ್ತೀಯಲ್ಲ, ಆಗ ಅಳಿಸು. ಯಾವ ದಿನ ಹೋಗುತ್ತೀ ಎಂದು ಮೊದಲೇ ಬರೆ. ನಾನೂ ಬಂದು ಕಡೆಯ ಸಲ ನೋಡುತ್ತೇನೆ.

ಅನ್ನಪೂರ್ಣಾ


ಬೈಲಹೊಂಗಲ
6 ನವೆಂಬರ್ 1997

ಅಕ್ಕೋರ, ನವೆಂಬರ್ 23, ಭಾನುವಾರ. ಮುಂಜಾನೆಯ ಬಸ್ಸಿಗೆ ಹೋಗುತ್ತೇನೆ. ನೀವು ಬಂದರೆ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸುತ್ತೇನೆ.

ನಾಸಿರ


ಬೈಲಹೊಂಗಲ
25 ನವೆಂಬರ್ 1997

ಅಕ್ಕೋರಿಗೆ ನಾಸಿರನ ಸಲಾಂ.

ಬರುತ್ತೇನೆ ಎಂದಿರಿ, ಬರಲಿಲ್ಲ. ಹನ್ನೊಂದು ಗಂಟೆಯವರೆಗೆ ಬಸ್ಸು ಬಂದಾಗಲೆಲ್ಲ ಏಣಿಯ ಮೇಲಿಂದ ನೋಡಿದೆ. ಯಾಕೆ ಬರಲಿಲ್ಲ ಎಂದು ಈಗ ಗೊತ್ತಾಗಿದೆ.

ಹಳೆಯದನ್ನು ಕೆರೆದು ಸುಣ್ಣ ಹೊಡೆದು, ಅದು ಒಣಗುವವರೆಗೆ ಕೂತು, ಹೊಸ ಚಿತ್ರ ಶುರು ಮಾಡಿದೆ. ತಾಯಿ, ತೊಡೆಯ ಮೇಲೆ ಕೂಸು, ಕೂಸಿನ ಬಾಯಿಗೆ ಹನಿ. ತಾಯಿಯ ಮುಖ ಮಾತ್ರ ಅಕ್ಕ ಫರೀನಳದು ಆಗಬಾರದು ಎಂದು ನಿಜವಾಗಿಯೂ ಒಂದು ಕ್ಯಾಲೆಂಡರ್ ಒಯ್ದಿದ್ದೆ. ಗುಂಡು ಮುಖ, ದೊಡ್ಡ ಕಣ್ಣು. ಸುಣ್ಣದಕಡ್ಡಿಯಲ್ಲಿ ಗೀಟು ಹಾಕುತ್ತಿದ್ದಾಗ ಕೆಳಗಿನಿಂದ ಒಬ್ಬ ಹೆಂಗಸು ಕೇಳಿದಳು.

"ಇಲ್ಲಿದ್ದಾಕಿನ್ನ ಯಾಕ ಅಳಿಸಿದಿ?"

ಗುಡ್ಡದ ಮಂದಿ ಯಾರೋ ಇರಬೇಕು ಎಂದು ತಿರುಗದೆ ಹೇಳಿದೆ. "ಆಕಿ ಮನಸಿಗೆ ಭಾಳ ನೋವಾಗಿತ್ತಂತ್ರಿ. ನನಗ ಗೊತ್ತಾಗಿದ್ದಿಲ್ಲ. ಅದಕ್ಕ ಅಳಿಸೇನ್ರಿ."

"ಮತ್ತ ಬರದದ್ದರ ಯಾಕ?"

ಆ ಎರಡನೇ ಮಾತಿಗೆ ನನಗೆ ದನಿ ಗುರುತು ಸಿಕ್ಕಿತು. ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ತಿರುಗಿದರೆ ಹೋಗಿಬಿಡುತ್ತಾಳೆ ಎಂಬ ಹೆದರಿಕೆ. ಗೋಡೆಯ ಕಡೆ ಮುಖ ಮಾಡಿಯೇ ಹೇಳಿದೆ. "ಬಾ ಅಂತ ಬರದಿದ್ದೆ. ಬಾಯಿಬಿಟ್ಟು ಕರಿಯಾಕ ಅಬ್ಬಾನ ಹೆದರಿಕಿ ಇತ್ತು."

ಹೋದಳು ಎಂದುಕೊಂಡೆ ಅಕ್ಕೋರ. ಆಮೇಲೆ ಮೂಗು ಒರೆಸಿಕೊಂಡ ಸಪ್ಪಳ.

"ಎದುರಿನ ಅಂಗಡಿ ನಂದ. ನಾಕ್ ವರ್ಷ ಆತು, ಗಂಡನ ಊರಿಗೆ ಬಂದು. ನಾ ಬರೂದ್ರಾಗ ನನ್ನ ಮಾರಿ ಈ ಗ್ವಾಡಿ ಮ್ಯಾಲ ಇತ್ತು. ಮಂದಿ ನನ್ನ ಕಡೆನ ಭಂಡಾರ ತಗೊಂಡು ನನ್ನ ಮಾರಿಗೇ ಹಚ್ಚಿ ಹೋಗತಿದ್ರು. ಎಂಥಾ ಹಣೆಬರಹ ಅಂತ ನೋಡಕೋತ ಕುಂಡರತಿದ್ದೆ. ಇವತ್ತ ಅಂಗಡಿ ತಗ್ಯಾಕ ಬಂದಾಗ ಬರೀ ಗ್ವಾಡಿ ನೋಡಿ ಎದಿ ಧಸಕ್ಕಂತು." ಮತ್ತೆ ಅವಳೇ, "ಆ ಕ್ಯಾಲೆಂಡರದಾಕಿ ಬ್ಯಾಡ. ತಗಿ ಅದನ್ನ" ಎಂದಳು.

ತೆಗೆದೆ.

"ಗಲ್ಲ ಅಷ್ಟು ತುಂಬಿಲ್ಲ ಈಗ. ಒಳಗ ಹೋಗ್ಯಾವ."

ಒಳಗೆ ತಂದೆ.

"ಕಣ್ಣ ಕೆಳಗ ಕಪ್ಪ ಹಾಕು. ಇನ್ನೊಂಚೂರು. ಕಿವಿ ಕಡೆ ಕೂದಲ ಬೆಳ್ಳಗ ಮಾಡು. ಹಣಿ ಮ್ಯಾಲ ಗೆರಿ ಎರಡಲ್ಲ, ಮೂರು. ತುಟಿ ನಗೂದು ಬ್ಯಾಡ, ಸುಮ್ನ ಇರಲಿ."

ಅವಳು ಹೇಳಿದಳು, ನಾನು ಬರೆದೆ. ಎಷ್ಟು ಹೊತ್ತು ನಡೆಯಿತೋ, ಒಮ್ಮೆಯೂ ತಿರುಗಲಿಲ್ಲ. ಕಣ್ಣಲ್ಲಿ ನೀರು ಬಂದು ಗೋಡೆ ಕಾಣದಾದಾಗ ಅಂಗಿಯ ತೋಳಿನಿಂದ ಒರೆಸಿಕೊಂಡು ಮತ್ತೆ ಬರೆದೆ. ಸುತ್ತ ಜನ ಸೇರಿದ್ದರು. ಪೇಂಟರನಿಗೆ ಈ ಹೆಂಗಸು ಯಾಕೆ ಕಲಿಸುತ್ತಿದ್ದಾಳೆ ಎಂದು ಯಾರೋ ನಗುತ್ತಿದ್ದರು.

ಅಷ್ಟೊತ್ತು ಕನ್ನಡದಲ್ಲೇ ಮಾತಾಡಿದವಳು ಆಗ ನಮ್ಮ ಮನೆಯ ಮಾತಿನಲ್ಲಿ ಅಂದಳು, "ಬಸ್ ರೇ ನಸ್ಸು. ನೀಚೆ ಉತರ್." ಸಾಕೋ, ಕೆಳಗಿಳಿ ಎಂದು. ನಸ್ಸು ಎಂದು ನನ್ನನ್ನು ಕರೆಯುತ್ತಿದ್ದವಳು ಅವಳೊಬ್ಬಳೇ.

ಇಳಿದೆ. ಕಾಲು ನೆಲಕ್ಕೆ ಮುಟ್ಟಿದ ಮೇಲೆ ತಿರುಗಿದೆ. ಬಿಳಿಯಾದ ಕೂದಲು, ಒಳಗೆ ಹೋದ ಗಲ್ಲ, ಹಣೆಯ ಮೇಲೆ ಮೂರು ಗೆರೆ. ಹದಿನಾಲ್ಕು ವರ್ಷ ನಾನು ನೋಡದ ಮುಖ, ಅಕ್ಕೋರ. ಗೋಡೆಯ ಮೇಲೆ ಅದರಲ್ಲಿ ಒಂದು ಗೀಟೂ ತಪ್ಪಿರಲಿಲ್ಲ.

ನಾಸಿರ